ಕೌದಿಗೆ ಬರುವ ಬಟ್ಟೆ

ಕಳೆದ ಒಂದೂವರೆ ವರ್ಷದಲ್ಲಿ ಮೂರು ಪ್ರಾಜೆಕ್ಟ್ ಮುಗಿಸಿದ್ದೇನೆ. ಆಫೀಸಿನವಲ್ಲ. ಅಲ್ಲಿಯವು ಮುಗಿಯುವುದಿಲ್ಲ, ಬರೀ ವರ್ಷನ್ ನಂಬರ್ ಬದಲಾಗುತ್ತದೆ. ಇವು ಸೂಜಿ-ದಾರದವು: ಕಸೂತಿ ಹಾಕಿದ ಒಂದು ದಿಂಬಿನ ಚೀಲ, ಒಂದು ದೊಡ್ಡ ಕೌದಿ, ಒಂದು ಕೂಸಿನ ಕೌದಿ.

"ಹೊಲಿಗೆನಾ? ನೀನಾ?" ಅಂತ ಟೀಮಿನವರು ನಕ್ಕರು. ನಮ್ಮೂರಲ್ಲಿ ಟೇಲರ್‌ಗಳೆಲ್ಲಾ ಗಂಡಸರೇ, ಅವರನ್ನು ನೋಡಿ ಯಾರೂ ನಕ್ಕಿದ್ದಿಲ್ಲ. ಮಷೀನು ತುಳಿದರೆ ದಂಧೆ, ಕೈಯಲ್ಲಿ ಸೂಜಿ ಹಿಡಿದರೆ ಮಾತ್ರ ಹೆಂಗಸರ ಕೆಲಸ! ಇನ್ನು ಕೆಲವರದ್ದು ಬೇರೆ ಪ್ರಶ್ನೆ: "ಸ್ಟ್ರೆಸ್ ಕಡಿಮೆಯಾಗುತ್ತಾ?" ಇಲ್ಲ ಮಾರಾಯ್ರೇ. ಕುತ್ತಿಗೆ ನೋಯುತ್ತೆ, ಎಡಗೈ ತೋರುಬೆರಳಿನ ತುದಿ ಜರಡಿಯಾಗುತ್ತೆ. ಮಾಡಬೇಕು ಅನ್ನಿಸುತ್ತೆ, ಮಾಡ್ತೀನಿ, ಅಷ್ಟೇ.

ಮೊದಲು ಕಲಿತದ್ದು ಕಸೂತಿ. ಅದರಲ್ಲಿ ನಾಲ್ಕೇ ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ಬಟ್ಟೆಯ ಮೇಲೆ ಪೆನ್ಸಿಲ್ ಗೀಟು ಎಳೆಯುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ ಎಲ್ಲವನ್ನೂ ಎಬ್ಬಿಸಬೇಕು. ಗವಂತಿಯಲ್ಲಿ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಒಂದು ಹಾಕುತ್ತಾ ಹೋಗುತ್ತೀರಿ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಹೊರಟಲ್ಲಿಗೇ ವಾಪಸ್ ಬರುತ್ತೀರಿ. ಮುರ್ಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಇವೆರಡರಲ್ಲೂ ಬಟ್ಟೆ ತಿರುಗಿಸಿದರೆ ಹಿಂದೆಯೂ ಅದೇ ಚಿತ್ರ. ಮೆಂತೆ ಮಾತ್ರ ಅಡ್ಡಡ್ಡ ದಾಟುವ ಹೊಲಿಗೆ, ಕಾಳು ಚೆಲ್ಲಿದ ಹಾಗೆ ಕಾಣುತ್ತದೆ.

ಬಿಇ ಓದುವಾಗ ಕೊನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಲೆಕ್ಕ ಬಂದಿದ್ದು ನಿಮಗೂ ನೆನಪಿರಬಹುದು. ಒಂದೊಂದು ಸೇತುವೆಯನ್ನು ಒಂದೇ ಸಲ ದಾಟಿ ಏಳನ್ನೂ ಮುಗಿಸೋದು ಆಗದ ಮಾತು ಅಂತ ಆಯ್ಲರ್ ತೋರಿಸಿದ್ದ. ಪ್ರತಿ ಸೇತುವೆಯನ್ನೂ ಎರಡೆರಡು ಸಲ ದಾಟಬಹುದು ಅಂದರೆ ಮಾತ್ರ ಲೆಕ್ಕ ಸಲೀಸು. ಊರು ಯಾವುದೇ ಇರಲಿ, ಎಲ್ಲಾ ದಾಟಿ ಹೊರಟಲ್ಲಿಗೆ ಬಂದು ನಿಲ್ಲಬಹುದು. ಗವಂತಿ ಮಾಡುವುದು ಇದನ್ನೇ. ಚಿತ್ರದ ಪ್ರತಿ ಗೆರೆಯನ್ನೂ ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ದಾಟುತ್ತದೆ. ಇದು ಹೊಳೆದ ರಾತ್ರಿ ಭಾರೀ ಖುಷಿಯಾಗಿ ಅವ್ವನಿಗೆ ಫೋನ್ ಮಾಡಿ ಹತ್ತು ನಿಮಿಷ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಎಣಿಸಿದ್ರ ಬರತೈತಿ. ಅದಕ್ಯಾಕ ಅಷ್ಟ ಮಾತು?" ಅಂದಳು.

ಅವ್ವನೇ ಈಗ ಎಣಿಸಲಾರಳು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಕಸೂತಿ ನಿಂತು ಆರು ವರ್ಷವಾಯಿತು. ಇಳಕಲ್ ಸೀರೆಯ ಸಣ್ಣ ಎಳೆಗಳ ಮೇಲೆ, ಬುಡ್ಡಿ ದೀಪದಷ್ಟೇ ಬೆಳಕಿನ ಬಲ್ಬಿನ ಕೆಳಗೆ ಕೂತು ಹಾಕುತ್ತಿದ್ದವಳು. ನಾನು ಕಲಿತದ್ದು ಬಿಡಿ, ದಪ್ಪ ಎಳೆಯ ಮ್ಯಾಟಿ ಬಟ್ಟೆಯ ಮೇಲೆ, ಎಲ್‌ಇಡಿ ಲ್ಯಾಂಪ್ ಹಾಕಿಕೊಂಡು.

ಕೌದಿಯ ಕಥೆ ಬೇರೆ. ಅದಕ್ಕೆ ಕಣ್ಣು ಅಷ್ಟು ಬೇಡ, ಬಟ್ಟೆ ಬೇಕು. ತೊಂದರೆ ಶುರುವಾಗಿದ್ದೇ ಅಲ್ಲಿ.

ಕೌದಿ ಅಂದರೆ ಹೊಸ ಬಟ್ಟೆ ತಂದು ಹೊಲಿಯುವ ವಸ್ತುವಲ್ಲ. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಹೊಲಿದುಕೊಂಡು ಹೋಗುವುದು. ನಮ್ಮ ಮನೆಯ ಹಳೇ ಕೌದಿಯಲ್ಲಿ ಯಾವ ತುಂಡು ಯಾರದ್ದು ಅಂತ ಅವ್ವ ಈಗಲೂ ಹೇಳುತ್ತಾಳೆ. ಇದು ಆಯಿ ಸೀರೆ, ಇದು ನಿನ್ನ ಸಾಲಿ ಅಂಗಿ. ಈ ಅಂದಾಜಿನಲ್ಲಿ ಬೆಂಗಳೂರಿನ ನನ್ನ ಬೀರು ತೆರೆದೆ. ಹಳೇ ಬಟ್ಟೆಗೇನು ಬರ? ಕಂಪನಿ ಹೆಸರಿನ ಟೀ ಶರ್ಟೇ ಹದಿನಾಲ್ಕು. ಆದರೆ ಅವು ಹೆಣಿಗೆ ಬಟ್ಟೆ, ಎಳೆದತ್ತ ಜಗ್ಗುತ್ತವೆ. ಜೀನ್ಸ್ ನಾಲ್ಕು ಪದರ ಹಾಕಿದರೆ ಡಬ್ಬಣವೇ ಬೇಕು. ಹೆಂಡತಿಯ ಲೆಗ್ಗಿಂಗ್ಸ್‌ನಲ್ಲಿ ಲೈಕ್ರಾ. ಊರಿಗೆ ಹೋದಾಗ ಅವ್ವನ ಸೀರೆ ನೋಡಿದೆ. ಮದುವೆ-ಮುಂಜಿಯಲ್ಲಿ ಕೊಟ್ಟ ಪಾಲಿಯೆಸ್ಟರ್ ಸೀರೆಗಳ ಗುಡ್ಡೆ. ಅದು ಸೂಜಿಯ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಮುಖ್ಯವಾಗಿ ಹಳೆಯದಾಗುವುದೇ ಇಲ್ಲ. ಹತ್ತಿ ನೂರು ಸಲ ಒಗೆದ ಮೇಲೆ ಮೆತ್ತಗಾಗುತ್ತೆ, ಇದು ಜುಂಗು ಎದ್ದು ಅಲ್ಲೇ ನಿಲ್ಲುತ್ತೆ. ಹೊಲಿಯುವವರು ಕಡಿಮೆಯಾದರು, ಅದಕ್ಕೇ ಕೌದಿ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ನನಗೇನೋ ಸೂಜಿ ಹಿಡಿಯುವವರಿಗಿಂತ ಮೊದಲು ಮನೆಯಿಂದ ಹೋಗಿದ್ದು ಹತ್ತಿ ಅನ್ನಿಸುತ್ತೆ.

ನಮ್ಮ ಮನೆಯಲ್ಲಿ ಉಳಿದಿದ್ದ ಹಳೇ ಹತ್ತಿ ಅಂದರೆ ಅಪ್ಪನ ಧೋತರಗಳು. ಅಪ್ಪ ಹೋಗಿ ಎರಡು ವರ್ಷ. ಅವು ಅವ್ವನ ಟ್ರಂಕಿನಲ್ಲಿದ್ದವು.

"ಟ್ರಂಕಿನ್ಯಾಗ ಏನಿಲ್ಲ ತಮ್ಮಾ. ಬರೀ ಡಾಂಬರ್ ಗುಳಿಗಿ ಅದಾವ."

"ಧೋತರ ಅದಾವಲ್ಲ?"

"ನಿನ್ನ ಹಾಸಿಗ್ಗೆ ಅವರ ಧೋತರ ಯಾಕ? ಬೆಂಗಳೂರಾಗ ಅರಿಬಿ ಸಿಗಂಗಿಲ್ಲೇನು?"

ಮುಂದೆ ಕೇಳಲಿಲ್ಲ. ದೊಡ್ಡ ಕೌದಿಗೆ ಚಿಕ್ಕಪೇಟೆಯ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ಹತ್ತಿ ತುಂಡು, ಅತ್ತೆ ಕೊಟ್ಟ ಮೂರು ಮಾಸಿದ ಕಾಟನ್ ಸೀರೆ, ನನ್ನ ಎರಡು ಲುಂಗಿ ಸೇರಿಸಿದೆ. ನಾಲ್ಕಡಿ ಅಗಲ, ಆರಡಿ ಉದ್ದ. ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಇರೋಕಾಗಲ್ಲ. ಅರ್ಧ ಇಂಚಿಗೊಂದು ಸಾಲು, ಇಂಚಿಗೆ ನಾಲ್ಕು ಹೊಲಿಗೆ. ಸಾಲುಗಳ ಒಟ್ಟು ಉದ್ದ 576 ಅಡಿ, ಹೊಲಿಗೆ ಸುಮಾರು 27,600. ಅಡಿಗೆ ಐದು ನಿಮಿಷ ಹಿಡಿದರೆ 48 ಗಂಟೆ. ದಿನಾ ರಾತ್ರಿ ಮುಕ್ಕಾಲು ಗಂಟೆಯಂತೆ ಎರಡು ತಿಂಗಳು ಹಿಡಿಯಿತು.

ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ನೋಡಿ ಮೆಚ್ಚಿದರು. "ನಮಗೂ ಒಂದು ಮಾಡಿಕೊಡಿ, 1500 ಕೊಡ್ತೀನಿ" ಅಂದರು. ಗಂಟೆಗೆ 31 ರೂಪಾಯಿ. ಬೇಜಾರಾಗಲಿಲ್ಲ, ನನ್ನ ಸಂಬಳ ಬೇರೆ ಕಡೆಯಿಂದ ಬರುತ್ತೆ. ಆದರೆ ಊರಲ್ಲಿ ಕೂಲಿಗೆ ಕೌದಿ ಹೊಲಿಯುವ ಹೆಂಗಸರ ಕೈಗೆ ಈ 31 ಆದರೂ ಸೇರುತ್ತಿತ್ತಾ ಅನ್ನುವ ಪ್ರಶ್ನೆ ಲಿಫ್ಟಿನಲ್ಲಿ ಅವರನ್ನು ನೋಡಿದಾಗಲೆಲ್ಲಾ ಏಳುತ್ತದೆ. ಅವರಿಗೆ ಕೇಳಿಲ್ಲ. ಮಾಡಿಕೊಟ್ಟೂ ಇಲ್ಲ.

ಮೂರನೆಯದಕ್ಕೆ ಕಾರಣ ತಂಗಿ. ಏಳನೇ ತಿಂಗಳ ಕುಬಸ ಮುಗಿಸಿ ಬಾಣಂತನಕ್ಕೆ ಊರಿಗೆ ಬಂದಿದ್ದಳು. ಗಂಡನ ಮನೆಯವರು ಆನ್‌ಲೈನಿನಲ್ಲಿ ತರಿಸಿದ ಬೇಬಿ ಬ್ಲ್ಯಾಂಕೆಟ್ ಇತ್ತು, ಕರಡಿಮರಿ ಚಿತ್ರದ್ದು, ಮುಟ್ಟಿದರೆ ಬೆಣ್ಣೆ. ಅವ್ವ ಅದರ ಅಂಚನ್ನು ಬೆರಳ ನಡುವೆ ತಿಕ್ಕಿ ನೋಡಿ ಮಡಚಿಟ್ಟಳು. "ಹಸುಗೂಸಿಗೆ ಹೊಸಾ ಅರಿಬಿ ಹಾಕಬಾರ್ದು, ಮೈ ಚುಚ್ಚತೈತಿ." ಮಧ್ಯಾಹ್ನ ಊಟ ಆದ ಮೇಲೆ ಒಳಗೆ ಟ್ರಂಕಿನ ಚಿಲಕ ತೆಗೆದ ಸಪ್ಪಳ ಕೇಳಿಸಿತು. ತಂಗಿ ನನ್ನ ಮುಖ ನೋಡಿದಳು. ಇಬ್ಬರೂ ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವ್ವ ಹೊರಬಂದಳು, ಕೈಯಲ್ಲಿ ಒಂದೇ ಒಂದು ಧೋತರ. ಹಸಿರು ದಡಿಯದ್ದು, ಅಪ್ಪ ಹೊಲಕ್ಕೆ ಉಟ್ಟು ಉಟ್ಟು ಸವೆಸಿದ್ದು. "ದಡಿ ಒಳಗ ಹಾಕಬ್ಯಾಡ. ಮ್ಯಾಲ ಕಾಣಂಗ ಇರ್ಲಿ" ಅಂದಳು.

ಕತ್ತರಿ ಅವಳೇ ಹಾಕಿದಳು. ನನಗೆ ಕೈ ಬರಲಿಲ್ಲ.

ಕೂಸಿನ ಕೌದಿ ಸಣ್ಣದು, ಎರಡಡಿಗೆ ಎರಡೂವರೆ. ವರ್ಕ್ ಫ್ರಮ್ ಹೋಮ್ ತೆಗೆದುಕೊಂಡು ಹತ್ತು ದಿನ ಊರಲ್ಲಿದ್ದೆ, ಮೀಟಿಂಗ್ ಮುಗಿಸಿ ಸಂಜೆ ಪಡಸಾಲೆಯಲ್ಲಿ ಕೂರುವುದು. ಒಂದು ಅಂಚಿನಿಂದ ನಾನು, ಎದುರಿನ ಅಂಚಿನಿಂದ ಅವ್ವ. ಸೂಜಿಗೆ ದಾರ ಪೋಣಿಸುವುದು ನನ್ನ ಪಾಲಿಗೆ. ಹತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಟ್ಟರೆ ಅವಳ ಒಂದು ಸಂಜೆಗೆ ಸಾಕು. ಅವಳು ಬಟ್ಟೆ ನೋಡುವುದೇ ಇಲ್ಲ. ಎಡಗೈ ಬೆರಳು ಹಿಂದಿನ ಸಾಲಿನ ಉಬ್ಬನ್ನು ಸವರುತ್ತಾ ಹೋಗುತ್ತದೆ, ಅದರ ಪಕ್ಕದಲ್ಲೇ ಸೂಜಿ ನಡೆಯುತ್ತದೆ. ಎಳೆ ಎಣಿಸಲಾರದ ಕಣ್ಣಿಗೆ ಇಲ್ಲಿ ಕೆಲಸವೇ ಇರಲಿಲ್ಲ. ಸೂಜಿಯೊಂದಕ್ಕೆ ನನಗಿಂತ ಎರಡು ಹೊಲಿಗೆ ಹೆಚ್ಚು ತುಂಬಿಕೊಂಡು ಎಳೆಯುತ್ತಿದ್ದಳು. ಆ ಹತ್ತು ದಿನ ಅಪ್ಪನ ಮಾತು ಬಂದಿದ್ದು ಕಡಿಮೆ. ಮಳೆ, ಹೆಸರುಕಾಳಿನ ರೇಟು, ತಂಗಿಯ ಕಾಲಿನ ಬಾವು, ಇಂಥವೇ. ಒಂದು ಸಂಜೆ ಮಾತ್ರ ಧೋತರದ ಮೇಲಿನ ಒಂದು ಕಂದು ಕಲೆಯನ್ನು ಹೆಬ್ಬೆರಳಿಂದ ಒತ್ತಿ, "ಇದು ಎಲಿ ಅಡಿಕಿದು. ಎಷ್ಟ ತಿಕ್ಕಿದ್ರೂ ಹೋಗಲಿಲ್ಲ" ಅಂದು, ಆ ತುಂಡನ್ನು ನಡುವಿಗೆ ಬರುವ ಹಾಗೆ ಸರಿಸಿದಳು.

ನಾಲ್ಕು ಮೂಲೆಗೆ ನಾನೊಂದು ಸಾಲ ತಂದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳ ಮೂಲೆಯಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮೇಲೆ ಮೇಲೆ ಕೂಡಿಸಿರುತ್ತಾರೆ. ಹೂವು ಅಂತಲೇ ಅದಕ್ಕೆ ಹೆಸರು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. ಅವ್ವ ಮೂಲೆ ಹಿಡಿದು ಎರಡು ಸಲ ಜಗ್ಗಿ ನೋಡಿದಳು. "ಛಲೋ ಐತಿ. ಹರಿಯಂಗಿಲ್ಲ."

ಸೋದರಸೊಸೆ ಹುಟ್ಟಿದ್ದು ಜಡಿಮಳೆಯಲ್ಲಿ. ಕೌದಿಗೆ ಮೊದಲ ದಿನವೇ ಮೂರು ಸಲ ಉಚ್ಚೆಯ ಅಭಿಷೇಕ. ತಂಗಿ ಕಳಿಸಿದ ಫೋಟೋದಲ್ಲಿ ಅದು ಪಡಸಾಲೆಯ ಹಗ್ಗದ ಮೇಲೆ ನೇತಾಡುತ್ತಿತ್ತು, ಹಸಿರು ದಡಿಯಿಂದ ನೀರು ಇಳಿಯುತ್ತಾ. ಮರುದಿನ ಸ್ಟ್ಯಾಂಡಪ್ ಮೀಟಿಂಗಿನ ನಡುವೆ ಅವ್ವನ ಫೋನ್.

"ಒಂದ ಸಾಲಂಗಿಲ್ಲ ತಮ್ಮಾ. ಇದು ಒಣಗೂದ್ರಾಗ ಕೂಸಿಗೆ ಹಾಸಾಕ ಇಲ್ಲ. ಇನ್ನೊಂದು ಧೋತರ ತಗದಿಟ್ಟೀನಿ. ದಾರ ಅಷ್ಟ ನೀ ತಗೊಂಡ ಬಾ, ಇಲ್ಲೀದು ಹರೀತೈತಿ."

ಶನಿವಾರ ರಾಜಾ ಮಾರ್ಕೆಟ್ಟಿಗೆ ಹೋಗಬೇಕು. ಬಿಳಿ ದಾರ ನಾಲ್ಕು ಉಂಡೆ, ಹಸಿರು ಒಂದು.