ಸ್ನಾಯುಕ್ಷಯ ಮತ್ತು ಅರಿವಿನ ಬೆಳಕು

ಶರಣರು ಕಾಯವನ್ನು ಹಳಿಯಲಿಲ್ಲ. ಕಾಯಕಕ್ಕೂ ಪೂಜೆಗೂ ಅದೇ ಆಧಾರವೆಂದು ಗೌರವಿಸಿದರು. ಆದುದರಿಂದ ಕಾಯದ ಗುಟ್ಟನ್ನು ತಿಳಿಯುವುದೂ ಅರಿವಿನ ಒಂದು ಅಂಗವೆಂದೇ ನಾವು ಭಾವಿಸುತ್ತೇವೆ.

ನಾವು ಪ್ರವಚನಕ್ಕೆ ಹೋದೆಡೆಗಳಲ್ಲಿ ಕೆಲವು ತಾಯಂದಿರು ಕಣ್ಣೀರಿಟ್ಟು ಹೇಳಿಕೊಳ್ಳುವುದುಂಟು. ನಾಲ್ಕೈದು ವರ್ಷದ ಗಂಡುಮಗು ಪದೇ ಪದೇ ಬೀಳುತ್ತದೆ, ಮೆಟ್ಟಿಲು ಹತ್ತಲಾರದು, ತೊಡೆಯ ಮೇಲೆ ಕೈಯೂರಿಯೇ ನೆಲದಿಂದೇಳುತ್ತದೆ. ಅಂಥ ಮನೆಗಳಲ್ಲಿ ಔಷಧೋಪಚಾರಕ್ಕಿಂತ ಮೊದಲು ಕೇಳಿಬರುವುದು ದೂರು: ಸೊಸೆಯ ಕಾಲ್ಗುಣ, ಪೂರ್ವಜನ್ಮದ ಪಾಪ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗವನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಡುಶೆನ್ ಅವರ ಹೆಸರೇ ಇದಕ್ಕೆ ನಿಂತಿದೆ. ಅದರ ಮೂಲವು ತಿಳಿದುದು 1987ರಲ್ಲಿ. ಅಮೆರಿಕದ ಲೂಯಿ ಕುಂಕೆಲ್ ಮತ್ತು ಸಂಗಡಿಗರು ಡಿಸ್ಟ್ರೋಫಿನ್ ಎಂಬ ಪ್ರೋಟೀನನ್ನು ಗುರುತಿಸಿದರು. ಸ್ನಾಯುತಂತುವಿನ ಒಳಚೌಕಟ್ಟನ್ನು ಅದರ ಹೊರಪೊರೆಗೆ ಬಿಗಿಯುವ ಕಟ್ಟು ಅದು. ಕಟ್ಟು ಇಲ್ಲವಾದರೆ ಸ್ನಾಯು ಬಿಗಿದು ಸಡಿಲಿದಾಗಲೆಲ್ಲ ಪೊರೆ ಹರಿಯುತ್ತದೆ, ತಂತುಗಳು ಸಾಯುತ್ತವೆ.

ಸ್ನಾಯುವಿನ ಪ್ರೋಟೀನುಗಳಲ್ಲಿ ಇದರ ಪಾಲು ಲಕ್ಷಕ್ಕೆ ಸುಮಾರು ಎರಡು ಮಾತ್ರ. ಇಷ್ಟು ಅಲ್ಪವಾದುದನ್ನು ಹುಡುಕಿಕೊಡುವುದು ಪ್ರತಿಕಾಯ. ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು; 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ರೋಗಿಯ ಸ್ನಾಯುವಿನ ಚೂರನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಅದರ ಮೇಲೆ ಪ್ರತಿಕಾಯವನ್ನು ಹಾಕುತ್ತಾರೆ. ಆರೋಗ್ಯವಂತರಲ್ಲಿ ಪ್ರತಿಯೊಂದು ತಂತುವಿನ ಸುತ್ತಲೂ ಉಂಗುರದಂತೆ ಬಣ್ಣ ಮೂಡುತ್ತದೆ. ಡುಶೆನ್ ರೋಗದಲ್ಲಿ ಉಂಗುರವೇ ಇರುವುದಿಲ್ಲ. ಸೌಮ್ಯವಾದ ಬೆಕರ್ ರೋಗದಲ್ಲಿ ಅದು ಮಸುಕಾಗಿಯೋ ತುಂಡುತುಂಡಾಗಿಯೋ ಕಾಣುತ್ತದೆ. ಪ್ರೋಟೀನು ಬಹಳ ಉದ್ದವಾದುದರಿಂದ ಎರಡು ತುದಿ ಹಾಗೂ ನಡುಭಾಗಗಳಿಗೆ ಬೇರೆ ಬೇರೆ ಪ್ರತಿಕಾಯಗಳನ್ನು ಬಳಸುವರು. ಇಂದು ಮೊದಲು ರಕ್ತದಿಂದ ವಂಶವಾಹಿಯ ಪರೀಕ್ಷೆ ನಡೆಯುತ್ತದೆ. ಅಲ್ಲಿ ಉತ್ತರ ಸಿಗದಾಗ ಪ್ರತಿಕಾಯವೇ ನೆರವಿಗೆ ಬರುತ್ತದೆ.

ಈ ಬಣ್ಣದ ಉಂಗುರವು ಸಂಸಾರಗಳಿಗೆ ಕಲಿಸುವ ಪಾಠ ದೊಡ್ಡದು. ದೋಷವಿರುವುದು ಒಂದು ವಂಶವಾಹಿಯಲ್ಲಿ, ತಾಯಿಯ ನಡತೆಯಲ್ಲಲ್ಲ. ಎಷ್ಟೋ ತಾಯಂದಿರು ತಮಗರಿವಿಲ್ಲದೆ ಅದನ್ನು ಹೊತ್ತಿರುತ್ತಾರೆ. ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಅದು ಹೊಸದಾಗಿಯೇ ಉಂಟಾಗಿರುತ್ತದೆ. ಹುಟ್ಟಿನ ಕಾರಣಕ್ಕೆ ಯಾರನ್ನೂ ಹೀಗಳೆಯದ ಧರ್ಮ ನಮ್ಮದು. ಅಂಥ ಧರ್ಮದವರು ಹೆತ್ತೊಡಲನ್ನು ನಿಂದಿಸಬಹುದೇ?

ಇನ್ನೊಂದು ಮಾತನ್ನೂ ಹೇಳಬೇಕು. ಡಿಸ್ಟ್ರೋಫಿನ್ ಸರಿಯಾಗಿದ್ದು, ಸಾರ್ಕೋಗ್ಲೈಕಾನ್ ಎಂಬ ನೆರೆಯ ಪ್ರೋಟೀನುಗಳು ಕೆಡುವ ಸ್ನಾಯುಕ್ಷಯವೂ ಉಂಟು. ಅದನ್ನೂ ಪ್ರತಿಕಾಯಗಳೇ ತೋರಿಸುತ್ತವೆ. ಇದಕ್ಕೆ ತಂದೆ ತಾಯಿ ಇಬ್ಬರೂ ದೋಷವನ್ನು ಹೊತ್ತಿರಬೇಕು. ಅಕ್ಕನ ಮಗಳನ್ನು ತರುವಂಥ ರಕ್ತಸಂಬಂಧದ ಮದುವೆಗಳಲ್ಲಿ ಆ ಸಂಭವ ಹೆಚ್ಚು. ಮನೆತನದಲ್ಲಿ ಇಂಥ ರೋಗ ಕಂಡಿದ್ದರೆ ಸಂಬಂಧ ಬೆಳೆಸುವ ಮೊದಲು ಹಿರಿಯರು ವೈದ್ಯರನ್ನು ಕೇಳಲಿ. ಡುಶೆನ್ ರೋಗವಿರುವ ಬಾಲಕನ ಅಕ್ಕತಂಗಿಯರೂ ಮುಂದೆ ಸಲಹೆ ಪಡೆಯಲಿ.

ರೋಗವನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ. ಆದರೆ ಸ್ಟೀರಾಯ್ಡ್ ಔಷಧ, ತಕ್ಕ ವ್ಯಾಯಾಮ, ಹೃದಯ ಹಾಗೂ ಉಸಿರಾಟದ ತಪಾಸಣೆಗಳಿಂದ ಮಗುವಿನ ನಡಿಗೆಯೂ ಆಯುಷ್ಯವೂ ಹೆಚ್ಚುತ್ತವೆ. ಅಂಥ ಮಗುವನ್ನು ಶಾಲೆಗೆ ಹೊತ್ತೊಯ್ಯುವುದು, ತಾಯಿಯ ಭಾರವನ್ನು ಮನೆಯವರೆಲ್ಲ ಹಂಚಿಕೊಳ್ಳುವುದು ದಾಸೋಹವೇ ಸರಿ.