ಹಡಗು ಹತ್ತದ ಮದರ್

ನಮ್ಮೂರ ಕಡೆ ಕಾನ್ವೆಂಟು ಎಂದರೆ ಟೈ ಕಟ್ಟಿಕೊಂಡು ಆಟೋ ಹತ್ತುವ ಮಕ್ಕಳ ಇಂಗ್ಲಿಷ್ ಶಾಲೆ. ಅದು ಕನ್ಯಾಸ್ತ್ರೀಯರು ವಾಸಿಸುವ ಮನೆಯ ಹೆಸರು ಎಂದು ನನಗೆ ತಿಳಿದದ್ದು ಬಿ.ಎಡ್. ಓದಲು ಮಂಗಳೂರಿನ ಸೇಂಟ್ ಆನ್ಸ್‌ಗೆ ಹೋದ ಮೇಲೆ. ಅಲ್ಲಿ ಸಿಸ್ಟರ್ ಒಬ್ಬರು ತಮ್ಮ ಸಭೆಯ ಕಥೆ ಹೇಳಿದ್ದರು. ಪರೀಕ್ಷೆಯ ಗಡಿಬಿಡಿ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ.

ಸೋಫಿ ಲೀವ್ಸ್ ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ತಂದೆ ಆಂಗ್ಲಿಕನ್ ಪಾದ್ರಿ. ಮಗಳು ಕ್ಯಾಥೊಲಿಕ್ ಪಂಥ ಸೇರಿ, ಕನ್ಯಾಸ್ತ್ರೀಯಾಗಿ, 1862ರಲ್ಲಿ ಕಲ್ಲಿಕೋಟೆಗೆ ಬಂದರು. ಈ ಕರಾವಳಿಯ ಹೆಣ್ಣುಮಕ್ಕಳಿಗೆ ಕಲಿಸಲೆಂದೇ ಕಾರ್ಮೆಲ್ ಸಭೆಯೊಂದು ಬೇಕು ಎಂಬ ಆಸೆ ಹೊತ್ತು ಫ್ರಾನ್ಸಿಗೆ ಮರಳಿ, 1868ರಲ್ಲಿ ಬಯೋನ್ ಎಂಬ ಊರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಕಟ್ಟಿದರು. ಅವರೇ ಮದರ್ ವೆರೋನಿಕಾ. 1870ರ ನವೆಂಬರಿನಲ್ಲಿ ಅವರ ಮೂವರು ಸಿಸ್ಟರ್‌ಗಳು ಮಂಗಳೂರಿಗೆ ಬಂದರು. ಸೇಂಟ್ ಆನ್ಸ್ ಕಾನ್ವೆಂಟೂ ಶಾಲೆಯೂ ಶುರುವಾದದ್ದು ಹಾಗೆ. ಮುಂದೆ 1921ರಲ್ಲಿ ಅದೇ ಸಭೆಯಿಂದ ಸೇಂಟ್ ಆಗ್ನೆಸ್ ಕಾಲೇಜೂ ಬಂತು.

ಆದರೆ ಮದರ್ ಆ ಹಡಗು ಹತ್ತಿರಲಿಲ್ಲ. ಹೊಸಬರನ್ನು ತಯಾರು ಮಾಡಲು ಬಯೋನ್‌ನಲ್ಲೇ ಉಳಿದರು. 1873ರಲ್ಲಿ ಆ ಮನೆಯೂ ಮುಚ್ಚಿತು. ಪಾವ್ ಎಂಬಲ್ಲಿ, ಹೊರಗೆ ಬಾರದ ಕಾರ್ಮೆಲ್ ಮಠವನ್ನು ಸೇರಿದರು. 1906ರಲ್ಲಿ ಅಲ್ಲೇ ತೀರಿಕೊಂಡರು.

ಈ ಕಥೆ ನನಗೆ ಮತ್ತೆ ನೆನಪಾದದ್ದು ವರ್ಗಾವಣೆಯ ಆರ್ಡರು ಕೈಯಲ್ಲಿ ಹಿಡಿದಾಗ. ಹಳ್ಳಿಯ ಶಾಲೆಗೆ ಎಂಟನೆಯ ತರಗತಿ ಬರಲೆಂದು ಮೂರು ವರ್ಷ ಕಚೇರಿಗಳ ಮೆಟ್ಟಿಲು ಸವೆಸಿದ್ದೆ. "ಏಳನೇ ಕ್ಲಾಸು ಆಯ್ತಲ್ಲ ಟೀಚರಮ್ಮ, ಇನ್ನು ಮನೆಗೆಲಸ ಕಲೀಲಿ" ಎನ್ನುತ್ತಿದ್ದ ತಾಯಂದಿರನ್ನು ಜಗಲಿಯ ಮೇಲೆ ಕೂತು ಒಪ್ಪಿಸಿದ್ದೆ. ಹನ್ನೊಂದು ಹುಡುಗಿಯರು ಸೇರಿದರು. ಅವರು ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ನನ್ನನ್ನು ಅರವತ್ತು ಮೈಲಿ ಆಚೆ ಎಸೆದರು. ಬೀಳ್ಕೊಡುಗೆಗೂ ನಾನು ಹೋಗಲಿಲ್ಲ. ಅತ್ತುಬಿಡುತ್ತೇನೆಂದು ಭಯವಿತ್ತು, ಸಿಟ್ಟೂ ಇತ್ತು. ಸಿಟ್ಟೇ ಹೆಚ್ಚು ಎನ್ನಬೇಕು.

ಫಲಿತಾಂಶ ಬಂದ ವಾರ ಮನಸ್ಸು ತಡೆಯದೆ ಬಸ್ಸು ಹತ್ತಿದೆ. ಹನ್ನೊಂದರಲ್ಲಿ ಒಂಬತ್ತು ಪಾಸು ಎಂದು ಕಂಡಕ್ಟರೇ ಹೇಳಿದ. ಅವನ ತಂಗಿಯೂ ಅದರಲ್ಲೊಬ್ಬಳಂತೆ. ಶಾಲೆಯ ಗೇಟಿಗೆ ಹೊಸ ಬಣ್ಣ ಬಳಿದಿದ್ದರು. ಗುರುತಿಲ್ಲದ ಎಳೆಯ ಶಿಕ್ಷಕಿಯೊಬ್ಬಳು ಹೊರಗೆ ಬಂದು ಕೇಳಿದಳು: "ಯಾರು ಬೇಕಿತ್ತು ಮೇಡಂ?"

"ಯಾರೂ ಇಲ್ಲಮ್ಮ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀಯಾ?" ಎಂದೆ.