ಹೆಸರು ಯಾರದು, ಕೈ ಯಾರದು?

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡದ ಕಛೇರಿ ಕೇಳಿ ಬಂದಂದಿನಿಂದ ನಮ್ಮ ಮಗನಿಗೆ ಗಿಟಾರಿನದೇ ಧ್ಯಾನ. ನೌಕರಿಗೆ ಸೇರಿ, ವರ್ಷಗಟ್ಟಲೆ ಹಣ ಕೂಡಿಟ್ಟು, ಕೊಳ್ಳುವ ಕಾಲ ಬಂದಾಗ ಅವನ ಮುಂದೆ ಎರಡಿದ್ದವು. ಎರಡೂ ಇಎಸ್‌ಪಿ ಸಂಸ್ಥೆಯವು: ಆ ತಂಡದ ಕರ್ಕ್ ಹ್ಯಾಮೆಟ್ ಅವರ ಹೆಸರಿನ ಕೆಎಚ್-2, ಜೇಮ್ಸ್ ಹೆಟ್‌ಫೀಲ್ಡ್ ಅವರ ಹೆಸರಿನ ಸ್ನೇಕ್‌ಬೈಟ್.

“ಮರದ ತುಂಡಿಗೆ ಇಷ್ಟು ಹಣವೇ?” ಎಂದು ಗದರಿದೆವು. ಚಿಕ್ಕಂದಿನಲ್ಲಿ ನಾವು ಹಾರ್ಮೋನಿಯಂ ಬೇಡಿದಾಗ ನಮ್ಮ ತಂದೆಯವರು ಆಡಿದ್ದೂ ಇದೇ ಮಾತು! ನೆನಪಾಗಿ ನಾಚಿದೆವು, ಮಗನ ಪಕ್ಕ ಕುಳಿತು ವಿಚಾರಿಸಿದೆವು.

ಕೆಎಚ್-2ರಲ್ಲಿ ತಂತಿಯ ಅಳತೆ 25.5 ಅಂಗುಲ, ಮೆಟ್ಟುಗಳು 24. ಅದರ ಕುದುರೆ ಸ್ಪ್ರಿಂಗುಗಳ ಬಲದಿಂದ ತೂಗುವಂಥದು. ಸನ್ನೆ ಒತ್ತಿದರೆ ಸ್ವರ ಬಳುಕುತ್ತದೆ. ಆದರೆ ಒಂದು ತಂತಿಯ ಶ್ರುತಿ ಬದಲಿಸಿದರೆ ಉಳಿದವೂ ಕದಲುತ್ತವೆ. ಸ್ನೇಕ್‌ಬೈಟಿನದು 24.75 ಅಂಗುಲ, 22 ಮೆಟ್ಟು, ಕದಲದ ಕುದುರೆ.

“ಗೆಳೆಯರ ಮೇಳದಲ್ಲಿ ನಿನ್ನ ಪಾಲಿನ ಕೆಲಸವೇನು?” ಎಂದೆವು.

“ಲಯ ಹಿಡಿಯುವುದು” ಎಂದನು. ಹೇಳುತ್ತಲೇ ಉತ್ತರ ಅವನಿಗೇ ಹೊಳೆಯಿತು. ಸ್ನೇಕ್‌ಬೈಟ್ ಮನೆಗೆ ಬಂದಿತು. ಹೆಸರು ಹೆಟ್‌ಫೀಲ್ಡ್ ಅವರದಿರಲಿ, ನುಡಿಸುವ ಕೈ ಮಗನದು.

ವಾಚಕರೇ, ಮಕ್ಕಳು ಬಯಸಿದ ವಸ್ತುವನ್ನು ಹಳಿಯುವ ಮುನ್ನ, ಅದರಿಂದ ಅವರು ಮಾಡಹೊರಟ ಕೆಲಸವೇನೆಂದು ಒಮ್ಮೆ ಕೇಳೋಣ.